ಹಿಡಿಯಬೇಕು, ಸರಿಸಬೇಕು, ಬಿಡಬೇಕು: ತೈಲಬಾವಿಯ ಸ್ಲೀವ್‌ಗಳ ಪ್ರಶ್ನೆ

ನೆಲದಿಂದ ಮೂರು ಸಾವಿರ ಮೀಟರ್ ಕೆಳಗೆ, ಉಕ್ಕಿನ ಕೊಳವೆಯೊಂದರ ಒಳಗೆ ಇನ್ನೊಂದು ಉಕ್ಕಿನ ತೋಳು ಕೂತಿದೆ. ತೈಲೋದ್ಯಮದ ಜನ ಅದನ್ನು ಸ್ಲೈಡಿಂಗ್ ಸ್ಲೀವ್ ಎನ್ನುತ್ತಾರೆ. ಅದನ್ನು ಸ್ವಲ್ಪ ದೂರ ಸರಿಸಿದರೆ ಹೊರಕೊಳವೆಯ ಬದಿಯ ಕಿಂಡಿಗಳು ತೆರೆದು ತೈಲವೋ ಅನಿಲವೋ ಒಳಗೆ ಹರಿಯುತ್ತದೆ. ಹಿಂದಕ್ಕೆ ಸರಿಸಿದರೆ ದಾರಿ ಮುಚ್ಚುತ್ತದೆ. ಅಲ್ಲಿಗೆ ಕೈ ಹೋಗದು, ಕಣ್ಣೂ ಹೋಗದು. ಹೋಗುವುದು ಒಂದು ತಂತಿ ಅಥವಾ ಸಣ್ಣ ಕೊಳವೆ, ಅದರ ತುದಿಗೆ ಕಟ್ಟಿದ ಶಿಫ್ಟಿಂಗ್ ಟೂಲ್. ಸ್ಲೀವ್‌ನ ಒಳಮೈಯಲ್ಲಿ ಕೊರೆದಿಟ್ಟ ಕಚ್ಚನ್ನು ಅದು ಕತ್ತಲಲ್ಲೇ ಹುಡುಕಿ ಹಿಡಿಯಬೇಕು, ಸ್ಲೀವನ್ನು ಸರಿಸಬೇಕು, ಕೆಲಸ ಮುಗಿದೊಡನೆ ತಾನಾಗಿ ಬಿಟ್ಟು ಮೇಲೆ ಬರಬೇಕು.

ನಮ್ಮ ಊರ ಬಾವಿಯಲ್ಲಿ ಕೊಡ ಬಿದ್ದರೆ ಪಾತಾಳಗರಡಿ ಇಳಿಸಿ ತಡಕುತ್ತೇವೆ. ಸಿಕ್ಕಿದ್ದನ್ನು ಹಿಡಿದು ಮೇಲೆ ತಂದರೆ ಅದರ ಕೆಲಸ ಮುಗಿಯಿತು. ತೈಲಬಾವಿಯ ಉಪಕರಣಕ್ಕೆ ಅಷ್ಟು ಸಲೀಸಿಲ್ಲ. ದಾರಿಯಲ್ಲಿ ಸಿಗುವ ನೂರಾರು ಕೊಳವೆಗೂಡುಗಳಲ್ಲಿ ಯಾವುದಕ್ಕೂ ಸಿಕ್ಕಿಕೊಳ್ಳದೆ ಒಂದೇ ಕಚ್ಚಿಗೆ ಕೂರಬೇಕು. ಹಿಡಿದದ್ದನ್ನು ಅಲ್ಲೇ ಬಿಟ್ಟು ಬರಬೇಕು. ಬಿಡದಿದ್ದರೆ ತಂತಿ ತುಂಡಾಗಿ, ಉಪಕರಣ ಬಾವಿಯಲ್ಲೇ ಉಳಿದು, ಬಾವಿಯ ಉತ್ಪಾದನೆಯೇ ನಿಂತುಹೋಗಬಹುದು.

ಈ ಕೆಲಸವನ್ನು ಹೇಗೆ ಮಾಡಬೇಕೆಂಬುದರ ಬಗ್ಗೆ ತೈಲ ಎಂಜಿನಿಯರುಗಳಲ್ಲಿ ಇಂದಿಗೂ ಒಮ್ಮತವಿಲ್ಲ. ಏಟು ಹಾಕಿ ಸರಿಸಬೇಕೇ, ಸಮನಾದ ಬಲದಿಂದ ಎಳೆಯಬೇಕೇ? ತಂತಿ ಮೇಲೋ, ಕೊಳವೆ ಮೇಲೋ, ವಿದ್ಯುತ್ ಮೇಲೋ? ಉಪಕರಣವನ್ನು ಇಳಿಸುವ ಪದ್ಧತಿಯನ್ನೇ ಕೈಬಿಡಬಹುದೇ? ಈ ವಾದಗಳ ಹಿಂದೆ ಸುಮಾರು ಎಪ್ಪತ್ತು ವರ್ಷಗಳ ಚರಿತ್ರೆಯಿದೆ. ಅದನ್ನು ಒಟ್ಟಾಗಿ ನೋಡಿದಾಗ ನನಗೆ ಒಂದು ಮಾತು ಸ್ಪಷ್ಟವಾಗುತ್ತದೆ: ಈ ವಿದ್ಯೆಯ ಕಷ್ಟವೆಲ್ಲ ಬಲ ಹಾಕುವುದರಲ್ಲಿಲ್ಲ. ಸರಿಯಾದ ಗಳಿಗೆಯಲ್ಲಿ ಬಿಡುವುದರಲ್ಲಿದೆ, ಸ್ಲೀವ್ ನಿಜವಾಗಿ ಸರಿಯಿತೆಂದು ಮೇಲೆ ನಿಂತವರಿಗೆ ಖಾತ್ರಿಪಡಿಸುವುದರಲ್ಲಿದೆ.

ಒಂದು ಬಾವಿ, ಹಲವು ಪದರ

1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಗೆ ತೈಲ ಸಿಕ್ಕಿದ್ದು 69.5 ಅಡಿಯಲ್ಲಿ. ಅಂಥ ಬಾವಿಗಳಿಗೆ ಒಂದೇ ಪದರ, ಒಂದೇ ದಾರಿ. ಬಾವಿಗಳು ಆಳವಾದಂತೆ ಒಂದೇ ಕೊರೆತಕ್ಕೆ ಎರಡು, ಮೂರು, ಐದು ತೈಲಪದರಗಳು ಎದುರಾದವು. ಒಂದರಲ್ಲಿ ಒತ್ತಡ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಒಂದರಲ್ಲಿ ಬೇಗ ನೀರು ಬರುತ್ತದೆ, ಇನ್ನೊಂದರಲ್ಲಿ ಅನಿಲ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಬಲವಾದ ಪದರ ದುರ್ಬಲವಾದುದನ್ನು ಅದುಮುತ್ತದೆ. ಹಾಗಾಗಿ ಪದರಗಳ ನಡುವೆ ಪ್ಯಾಕರ್ ಎಂಬ ರಬ್ಬರ್ ಅಡ್ಡಗಟ್ಟುಗಳನ್ನು ಕೂರಿಸಿ, ಪ್ರತಿ ಪದರದ ಎದುರು ಬೇಕೆಂದಾಗ ತೆರೆಯುವ ಬಾಗಿಲು ಇಡುವ ಯೋಚನೆ ಹುಟ್ಟಿತು. ಆ ಬಾಗಿಲೇ ಸ್ಲೀವ್.

ಬಾವಿಯಲ್ಲಿ ಒತ್ತಡ ಇರುವಾಗಲೇ ತಂತಿಯಲ್ಲಿ ಉಪಕರಣ ಇಳಿಸುವ ವಿದ್ಯೆಯನ್ನು ಬೆಳೆಸಿದವರಲ್ಲಿ ಡಲ್ಲಾಸ್‌ನ ಹರ್ಬರ್ಟ್ ಓಟಿಸ್ ಅವರ ಕಂಪನಿ ಮುಖ್ಯವಾದದ್ದು. ಅವರ ‘ಸ್ಲೈಡಿಂಗ್ ಸೈಡ್-ಡೋರ್’ ಎಂಬ ವ್ಯಾಪಾರನಾಮ ಇಂದಿಗೂ ಎಸ್‌ಎಸ್‌ಡಿ ಎಂದು ಮೊಟಕಾಗಿ, ಯಾರು ತಯಾರಿಸಿದ ಸ್ಲೀವ್‌ಗಾದರೂ ಅಂಟಿಕೊಂಡಿದೆ. 1959ರಲ್ಲಿ ಹ್ಯಾಲಿಬರ್ಟನ್ ಈ ಕಂಪನಿಯನ್ನು ಕೊಂಡಿತು. 1907ರಲ್ಲಿ ಕೇಸಿಂಗ್ ಶೂಗೆ ಪೇಟೆಂಟ್ ಪಡೆದ ರೂಬೆನ್ ಬೇಕರ್ ಕಟ್ಟಿದ ಬೇಕರ್ ಆಯಿಲ್ ಟೂಲ್ಸ್, ಹೂಸ್ಟನ್‌ನ ಕ್ಯಾಮ್ಕೊ ಇವೂ ತಮ್ಮದೇ ಸ್ಲೀವ್‌ಗಳನ್ನು, ಅವಕ್ಕೆ ಹೊಂದುವ ತಮ್ಮದೇ ಉಪಕರಣಗಳನ್ನು ತಂದವು.

1947ರಲ್ಲಿ ಕೆರ್-ಮೆಗೀ ಕಂಪನಿ ಮೆಕ್ಸಿಕೊ ಕೊಲ್ಲಿಯಲ್ಲಿ ದಡ ಕಾಣದಷ್ಟು ದೂರ ಬಾವಿ ಕೊರೆದ ಮೇಲೆ ಸಮುದ್ರದ ತೈಲಕ್ಕೆ ದಾರಿ ತೆರೆಯಿತು. ಅಲ್ಲಿ ಒಂದು ಪದರ ಬದಲಿಸಲು ಕೊಳವೆಸಾಲನ್ನೇ ಮೇಲೆತ್ತಬೇಕೆಂದರೆ ರಿಗ್ ತರಿಸಬೇಕು, ದಿನಗಟ್ಟಲೆ ಬಾವಿ ನಿಲ್ಲಿಸಬೇಕು. ತಂತಿಯಲ್ಲಿ ಇಳಿಸುವ ಚಿಕ್ಕ ಉಪಕರಣವಾದರೆ ಅದೇ ಕೆಲಸವನ್ನು ಕೆಲವು ಗಂಟೆಗಳಲ್ಲಿ ಮುಗಿಸುತ್ತದೆ. ಶಿಫ್ಟಿಂಗ್ ಟೂಲ್‌ನ ಬೆಲೆ ಅದರ ಉಕ್ಕಿನಲ್ಲಿಲ್ಲ, ಅದು ತಪ್ಪಿಸುವ ಈ ಖರ್ಚಿನಲ್ಲಿದೆ.

ಕಚ್ಚು, ಕೀ ಮತ್ತು ಓರೆಮೈ

ವಾದಗಳಿಗೆ ಹೋಗುವ ಮೊದಲು ಯಂತ್ರವನ್ನು ಅರಿಯಬೇಕು. ಸ್ಲೀವ್‌ಗೆ ಸಾಮಾನ್ಯವಾಗಿ ಮೂರು ನಿಲುಗಡೆಗಳಿವೆ: ಮುಚ್ಚಿದ್ದು, ಪೂರ್ತಿ ತೆರೆದದ್ದು, ನಡುವೆ ಒತ್ತಡ ಸಮಗೊಳಿಸುವುದು. ನಡುವಿನ ನಿಲುಗಡೆಯಲ್ಲಿ ಸಣ್ಣ ರಂಧ್ರಗಳ ಮೂಲಕ ಒಳಗಿನ ಮತ್ತು ಹೊರಗಿನ ಒತ್ತಡಗಳು ಮೆಲ್ಲಗೆ ಸರಿಸಮವಾಗುತ್ತವೆ. ಈ ಹಂತ ಬಿಟ್ಟು ಒಮ್ಮೆಗೇ ತೆರೆದರೆ ನುಗ್ಗಿ ಬರುವ ಹರಿವು ಸೀಲ್‌ಗಳನ್ನು ಹರಿದುಹಾಕುತ್ತದೆ. ಕೆಳಗಿನಿಂದ ಬಂದ ಒತ್ತಡ ಉಪಕರಣವನ್ನೇ ಮೇಲಕ್ಕೆಸೆದು ತಂತಿಯನ್ನು ಗೋಜಲು ಮಾಡುತ್ತದೆ. ಪ್ರತಿ ನಿಲುಗಡೆಯಲ್ಲೂ ಸ್ಲೀವ್ ಅಲುಗಾಡದಂತೆ ಕೋಲೆಟ್ ಹಿಡಿದಿರುತ್ತದೆ. ಕೋಲೆಟ್ ಎಂದರೆ ಒಂದೇ ಉಕ್ಕಿನ ತುಂಡಿನಲ್ಲಿ ಸೀಳಿ ಮಾಡಿದ, ಬಾಗಿ ಚಿಮ್ಮುವ ಬೆರಳುಗಳ ಬಳೆ.

ಶಿಫ್ಟಿಂಗ್ ಟೂಲ್‌ನಲ್ಲಿ ಸ್ಪ್ರಿಂಗ್ ಹಿಂದಿಟ್ಟ ಕೀಗಳಿರುತ್ತವೆ. ಕೀಯ ಒಂದು ಅಂಚು ಕೊಳವೆಯ ಅಕ್ಷಕ್ಕೆ ನೆಟ್ಟಗೆ, 90 ಡಿಗ್ರಿಯಲ್ಲಿ ನಿಂತಿರುತ್ತದೆ. ಉಳಿದ ಅಂಚುಗಳು ಓರೆ. ಓರೆಮೈ ಕಡೆಯಿಂದ ಹೋದರೆ ಕೀ ಒಳಕ್ಕೆ ಮಡಚಿ ಎಲ್ಲವನ್ನೂ ದಾಟುತ್ತದೆ. ನೇರ ಅಂಚು ಸ್ಲೀವ್‌ನ ಕಚ್ಚಿಗೆ ಎದುರಾದಾಗ ಮಾತ್ರ ಹಿಡಿತ ಕೂರುತ್ತದೆ. ಓಟಿಸ್‌ನ ‘ಬಿ’ ಮಾದರಿಯ ಉಪಕರಣ ಈ ಬಗೆಗೆ ಹಳೆಯ, ಬಹಳ ಬಳಕೆಯಾದ ಉದಾಹರಣೆ. ಅದನ್ನು ನೆಟ್ಟಗೆ ಕಟ್ಟಿದರೆ ಮೇಲ್ಮುಖವಾಗಿ ಸರಿಸುತ್ತದೆ, ತಲೆಕೆಳಗಾಗಿ ಕಟ್ಟಿದರೆ ಕೆಳಮುಖವಾಗಿ.

ಅದರ ಜಾಣತನವೆಲ್ಲ ಬಿಡುವ ಬಗೆಯಲ್ಲಿದೆ. ಸ್ಲೀವ್ ತನ್ನ ಪಯಣ ಪೂರ್ತಿ ಮುಗಿಸುವ ಹೊತ್ತಿಗೆ ಕೀಯ ಓರೆಮೈ ಹೊರಕವಚದ ಕಿರಿದಾದ ಭಾಗಕ್ಕೆ ತಾಗುತ್ತದೆ. ಕೀಗಳು ಒಳಕ್ಕೆ ಒತ್ತಲ್ಪಟ್ಟು ಕಚ್ಚಿನಿಂದ ಕಳಚುತ್ತವೆ. ಸ್ಲೀವ್ ಪೂರ್ತಿ ಸರಿಯದೆ ಹಿಡಿತ ಬಿಡದು, ಸರಿದ ಮೇಲೆ ಹಿಡಿದಿರಲಾರದು. ಸ್ಲೀವ್ ಎಷ್ಟು ಬಲ ಹಾಕಿದರೂ ಕದಲದಿದ್ದರೆ ಎರಡನೆಯ ದಾರಿಯೂ ಉಂಟು. ಏಟುಗಳನ್ನು ಮುಂದುವರಿಸಿದರೆ ಒಳಗಿನ ಶಿಯರ್ ಪಿನ್ ತುಂಡಾಗಿ ಕೀಗಳು ಮಡಚಿ, ಉಪಕರಣ ಬರಿಗೈಯಲ್ಲಿ ಮೇಲೆ ಬರುತ್ತದೆ. ಪಿನ್ ತುಂಡಾಗಿ ಬಂದರೆ ಸ್ಲೀವ್ ಸರಿದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಪಿನ್ ಗಟ್ಟಿಯಾಗಿ ಬಂದರೆ ಸರಿದಿರಬೇಕು. ಆದರೆ ಈ ಎರಡನೆಯ ತೀರ್ಮಾನ ಅಷ್ಟು ಭದ್ರವಲ್ಲ. ಸವೆದ ಕೀಯೊಂದು ಕಚ್ಚಿಗೆ ಕೂರದೇ ಜಾರಿ ಬಂದಾಗಲೂ ಪಿನ್ ಗಟ್ಟಿಯಾಗಿಯೇ ಇರುತ್ತದೆ. ಮುಂದಿನ ಹಲವು ದಶಕಗಳ ಚರ್ಚೆ ಈ ಸಂದೇಹದಿಂದಲೇ ಹೊರಟದ್ದು.

ಮೊದಲ ಪಂಥ: ತಂತಿ ಮತ್ತು ಏಟು

ಸ್ಲಿಕ್‌ಲೈನ್ ಎಂದರೆ ಒಂಟಿ ಎಳೆಯ ನುಣುಪಾದ ಉಕ್ಕಿನ ತಂತಿ, 0.092, 0.108, 0.125 ಇಂಚು ಅದರ ರೂಢಿಯ ಅಳತೆಗಳು. ಮೂರು ಮಿಲಿಮೀಟರಿಗೂ ತೆಳ್ಳಗಿನ 0.108ರ ತಂತಿ ತಾಳುವುದು ಸುಮಾರು ಒಂದು ಟನ್ ಎಳೆತವನ್ನು. ಅಂಟಿಕೊಂಡ ಸ್ಲೀವ್‌ಗೆ ಬರಿಯ ಎಳೆತ ಸಾಲದು. ಆದ್ದರಿಂದ ಉಪಕರಣದ ಮೇಲೆ ಭಾರದ ಸರಳುಗಳನ್ನೂ ಜಾರ್ ಎಂಬ ಸಡಿಲ ಕೊಂಡಿಯನ್ನೂ ಜೋಡಿಸುತ್ತಾರೆ. ತಂತಿಯನ್ನು ರಭಸದಿಂದ ಎಳೆದಾಗ ಭಾರ ವೇಗ ಪಡೆದು ಜಾರ್‌ನ ಕೊನೆಗೆ ಬಡಿಯುತ್ತದೆ. ಆ ಕ್ಷಣದ ಏಟಿನ ಬಲ ತಂತಿಯ ಸ್ಥಿರ ಎಳೆತಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಈ ಪಂಥದವರ ವಾದ ಗಟ್ಟಿಯಾದದ್ದು. ಸಲಕರಣೆ ಸರಳ, ಖರ್ಚು ಕಡಿಮೆ, ಸಣ್ಣ ತಂಡ ಸಾಕು. ಸುಣ್ಣದಂತೆ ಕಟ್ಟಿದ ಗಸಿಯನ್ನು ಒಡೆಯಲು ನಿಧಾನದ ಎಳೆತಕ್ಕಿಂತ ಏಟೇ ಮೇಲು. ಅನುಭವಿ ಆಪರೇಟರ್ ತಂತಿಯ ತೂಕದ ಮಾಪಕದಲ್ಲಿ ಮುಳ್ಳು ಹಾರುವುದನ್ನು ನೋಡಿಯೇ ಕೀ ಕೂತಿತೋ, ಸ್ಲೀವ್ ಅಲುಗಿತೋ, ಬಿಟ್ಟಿತೋ ಎಂದು ಹೇಳಬಲ್ಲ. ನೆಟ್ಟಗಿನ ಬಾವಿಗಳಲ್ಲಿ ಈ ಪದ್ಧತಿಗೆ ಇಂದಿಗೂ ಸರಿಸಾಟಿಯಿಲ್ಲ.

ಅದರ ಮಿತಿಯೂ ಅಷ್ಟೇ ಖಚಿತ. ತಂತಿ ಎಳೆಯಬಲ್ಲದು, ತಳ್ಳಲಾರದು. ಉಪಕರಣ ಕೆಳಗಿಳಿಯುವುದು ಭೂಮಿಯ ಸೆಳೆತದಿಂದ. ಬಾವಿ ಲಂಬದಿಂದ 60–65 ಡಿಗ್ರಿ ವಾಲಿತೆಂದರೆ ಘರ್ಷಣೆ ಗೆಲ್ಲುತ್ತದೆ, ಇಳಿತ ನಿಲ್ಲುತ್ತದೆ. ವಾಲಿದ ಬಾವಿಯಲ್ಲಿ ಕೆಳಮುಖದ ಏಟೂ ಸೊರಗುತ್ತದೆ.

ಇದರ ಜೊತೆಗೆ ಆಯ್ಕೆಯ ತೊಡಕು ಬಂತು. ಒಂದೇ ಕೊಳವೆಸಾಲಿನಲ್ಲಿ ಒಂದೇ ಕಚ್ಚಿನ ನಾಲ್ಕು ಸ್ಲೀವ್‌ಗಳಿದ್ದರೆ, ಸಾಮಾನ್ಯ ಉಪಕರಣ ಮೇಲೆ ಬರುವಾಗ ದಾರಿಯಲ್ಲಿ ಸಿಕ್ಕ ನಾಲ್ಕನ್ನೂ ಸರಿಸುತ್ತದೆ. ಇದಕ್ಕೆ ಮೂರು ಪರಿಹಾರಗಳು ಹುಟ್ಟಿದವು. ಪ್ರತಿ ಸ್ಲೀವ್‌ಗೂ ಬೇರೆ ಬೇರೆ ಕಚ್ಚು ಕೊರೆಯುವುದು. ಕೀಗಳನ್ನು ಮಡಚಿಟ್ಟು, ಬೇಕಾದ ಆಳದಲ್ಲಿ ಮಾತ್ರ ಬಿಚ್ಚುವ ಆಯ್ದು-ಹಿಡಿಯುವ ಉಪಕರಣ ಬಳಸುವುದು. ಇಲ್ಲವೇ ಕೆಲಸದ ಅನುಕ್ರಮವನ್ನೇ ಎಚ್ಚರದಿಂದ ಹೊಂದಿಸುವುದು. ಮೊದಲನೆಯದರಲ್ಲಿ ಯಾವ ಸ್ಲೀವ್‌ಗೆ ಯಾವ ಕೀ ಎಂಬ ದಾಖಲೆ ಇಪ್ಪತ್ತು ವರ್ಷ ಕೆಡದೆ ಉಳಿಯಬೇಕು. ಎರಡನೆಯದರಲ್ಲಿ ಕೆಡಬಹುದಾದ ಭಾಗಗಳು ಹೆಚ್ಚು. ಮೂರನೆಯದರಲ್ಲಿ ಮನುಷ್ಯನ ಜಾಗರೂಕತೆಯ ಮೇಲೆ ಎಲ್ಲ ಭಾರ. ಮೂರಕ್ಕೂ ಇಂದಿಗೂ ಸಮರ್ಥಕರಿದ್ದಾರೆ.

ಎರಡನೆಯ ಪಂಥ: ಕೋಲೆಟ್ ಮತ್ತು ಅಳೆದ ಬಲ

ಸಡಿಲ ಮರಳಿನ ತೈಲಪದರಗಳಲ್ಲಿ ಜಲ್ಲಿ ತುಂಬಿ ಮರಳು ತಡೆಯುವ ಕೆಲಸ ನಡೆಯುವಾಗ ಒಳಗೆ ವಾಶ್‌ಪೈಪ್ ಎಂಬ ಗಟ್ಟಿ ಕೊಳವೆ ಇದ್ದೇ ಇರುತ್ತದೆ. ಅದನ್ನು ಮೇಲೆತ್ತುವಾಗಲೇ ಕಿಂಡಿಗಳನ್ನು ಮುಚ್ಚಿಬಿಡಬಹುದಲ್ಲ ಎಂಬ ಯೋಚನೆಯಿಂದ ಕೋಲೆಟ್ ಮಾದರಿಯ ಶಿಫ್ಟಿಂಗ್ ಟೂಲ್‌ಗಳು ಬೆಳೆದವು. ಇವುಗಳಲ್ಲಿ ಬಿಡಿ ಕೀ ಇಲ್ಲ, ಸ್ಪ್ರಿಂಗ್ ಇಲ್ಲ. ಉಕ್ಕಿನ ಬೆರಳುಗಳ ಉಬ್ಬು ಸ್ಲೀವ್‌ನ ಕಚ್ಚಿನಲ್ಲಿ ಕೂರುತ್ತದೆ. ಎಳೆತ ಗೊತ್ತಾದ ಮಿತಿ ದಾಟಿದಾಗ ಬೆರಳುಗಳು ಬಾಗಿ ಹೊರಬರುತ್ತವೆ. ಫಾರ್ಮೇಶನ್ ಐಸೊಲೇಶನ್ ವಾಲ್ವ್ ಎಂಬ ತಡೆಕವಾಟಗಳನ್ನೂ ಹೀಗೆಯೇ ಮುಚ್ಚುತ್ತಾರೆ. ವಾಶ್‌ಪೈಪ್‌ನ ತುದಿಯಲ್ಲಿರುವ ಉಪಕರಣ ಹೊರಬರುತ್ತಾ ಕವಾಟವನ್ನು ಎಳೆದು ಮುಚ್ಚುತ್ತದೆ.

ಕೋಲೆಟ್ ಪಂಥದವರ ನಂಬಿಕೆ ಸಂಖ್ಯೆಯಲ್ಲಿದೆ. ಬೆರಳಿನ ಉದ್ದ, ದಪ್ಪ, ಓರೆಮೈಯ ಕೋನ ತಿಳಿದರೆ ಎಷ್ಟು ಬಲಕ್ಕೆ ಹಿಡಿಯುತ್ತದೆ, ಎಷ್ಟಕ್ಕೆ ಬಿಡುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು. ಬಿಡಿ ಭಾಗಗಳಿಲ್ಲದ್ದರಿಂದ ಬಾವಿಯಲ್ಲಿ ಉದುರುವ ಭಯವೂ ಕಡಿಮೆ. ಒಂದು ಇಳಿತದಲ್ಲಿ ಹಲವು ಸ್ಲೀವ್‌ಗಳನ್ನು ತೆರೆದು ಮುಚ್ಚಬಹುದು.

ಎದುರುವಾದವೂ ಇದೇ ಲೆಕ್ಕದಿಂದ ಏಳುತ್ತದೆ. ಲೆಕ್ಕದಲ್ಲಿ ಘರ್ಷಣೆಯ ಅಂಶವೂ ಸೇರಿದೆ. ಶುದ್ಧ ಎಣ್ಣೆಯಲ್ಲಿ ಪರೀಕ್ಷಿಸಿದ ಬೆರಳು ಮರಳು ಬೆರೆತ ಉಪ್ಪುನೀರಿನಲ್ಲಿ ಬೇರೆಯೇ ಬಲಕ್ಕೆ ಬಿಡುತ್ತದೆ. ಹತ್ತಾರು ಸಲ ಬಾಗಿದ ಉಕ್ಕು ದಣಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೋಲೆಟ್ ಬಿಡುವುದು ಬಲದ ಮಿತಿಗೆ. ‘ಬಿ’ ಮಾದರಿಯ ಕೀ ಬಿಡುವುದು ಸ್ಲೀವ್‌ನ ಸ್ಥಾನಕ್ಕೆ. ಸ್ಲೀವ್ ಅರ್ಧದಲ್ಲಿ ಸಿಕ್ಕಿಕೊಂಡರೂ ಬಲ ಮಿತಿ ದಾಟಿತೆಂದರೆ ಕೋಲೆಟ್ ಜಾರಿ ಬರುತ್ತದೆ. ಮೇಲೆ ನಿಂತವನಿಗೆ ಮಾಪಕದಲ್ಲಿ ಕಾಣುವುದು ಎರಡೂ ಸಂದರ್ಭದಲ್ಲಿ ಒಂದೇ ಜಿಗಿತ. ಸ್ಥಾನ ನೋಡಿ ಬಿಡಬೇಕೇ, ಬಲ ನೋಡಿ ಬಿಡಬೇಕೇ ಎಂಬುದು ಈ ಎರಡು ಪಂಥಗಳ ನಡುವಿನ ನಿಜವಾದ ಗೆರೆ.

ಅಡ್ಡಬಾವಿ ಒಡ್ಡಿದ ಸವಾಲು

ಡೆನ್ಮಾರ್ಕಿನ ಉತ್ತರ ಸಮುದ್ರದ ಡ್ಯಾನ್ ತೈಲಕ್ಷೇತ್ರ ಈ ಚರ್ಚೆಯಲ್ಲಿ ತಪ್ಪದೆ ಬರಬೇಕಾದ ಹೆಸರು. ಅಲ್ಲಿನ ತೈಲ ಇರುವುದು ಸೀಮೆಸುಣ್ಣದ ಕಲ್ಲಿನಲ್ಲಿ. ಆ ಕಲ್ಲಿನಲ್ಲಿ ತೈಲ ಧಾರಾಳ, ಆದರೆ ಹರಿಯಬಿಡದಷ್ಟು ಬಿಗಿ. ಮೇರ್ಸ್ಕ್ ಆಯಿಲ್ 1987ರಿಂದ ಅಲ್ಲಿ ಅಡ್ಡಬಾವಿಗಳನ್ನು ಕೊರೆಯಿತು. ಬಾವಿಯ ಅಡ್ಡಭಾಗವನ್ನು ಪ್ಯಾಕರ್‌ಗಳಿಂದ ಹಲವು ಖಂಡಗಳಾಗಿ ಬೇರ್ಪಡಿಸಿ, ಪ್ರತಿ ಖಂಡಕ್ಕೂ ಸ್ಲೀವ್ ಕೊಟ್ಟು, ಒಂದೊಂದನ್ನೇ ತೂತು ಕೊರೆದು, ಆಮ್ಲವೋ ಮರಳೋ ತುಂಬಿ, ಮುಚ್ಚುತ್ತಾ ಹೋಗುವ ಪಿಎಸ್‌ಐ ಪದ್ಧತಿಯನ್ನು ರೂಪಿಸಿತು.

ಅಡ್ಡಬಾವಿಗೆ ತಂತಿ ಇಳಿಯದು. ಕಾಯಿಲ್ಡ್ ಟ್ಯೂಬಿಂಗ್, ಅಂದರೆ ದೊಡ್ಡ ಗಾಲಿಗೆ ಸುತ್ತಿದ ಉದ್ದನೆಯ ಉಕ್ಕಿನ ಕೊಳವೆ, ಇಲ್ಲಿ ನೆರವಿಗೆ ಬಂತು. 1944ರಲ್ಲಿ ಇಂಗ್ಲಿಷ್ ಕಾಲುವೆಯ ತಳದಲ್ಲಿ ಇಂಧನ ಸಾಗಿಸಲು ಹಾಸಿದ ಪ್ಲೂಟೊ ಕೊಳವೆಗಳಲ್ಲಿ ಇದರ ಬೇರಿದೆ. 1962ರಲ್ಲಿ ಕ್ಯಾಲಿಫೋರ್ನಿಯಾ ಆಯಿಲ್ ಕಂಪನಿ ಮತ್ತು ಬೋವನ್ ಟೂಲ್ಸ್ ಬಾವಿಯ ಮರಳು ತೊಳೆಯಲು ಮೊದಲ ಪೂರ್ಣ ಘಟಕವನ್ನು ಕಟ್ಟಿದವು. ಕಾಯಿಲ್ಡ್ ಟ್ಯೂಬಿಂಗ್ ಎಳೆಯುತ್ತದೆ, ತಳ್ಳುತ್ತದೆ, ಜೊತೆಗೆ ಒಳಗಿನಿಂದ ದ್ರವವನ್ನೂ ಹಾಯಿಸುತ್ತದೆ.

ದ್ರವ ಹಾಯಿಸಬಹುದೆಂಬುದೇ ಹೊಸ ಬಗೆಯ ಉಪಕರಣಕ್ಕೆ ದಾರಿಯಾಯಿತು. ಇದರ ಕೀಗಳು ಸದಾ ಮಡಚಿಯೇ ಇರುತ್ತವೆ. ಮೇಲಿನಿಂದ ಪಂಪ್ ಮಾಡಿ ಒತ್ತಡ ಏರಿಸಿದಾಗ ಮಾತ್ರ ಹೊರಚಾಚಿ ಕಚ್ಚಿಗೆ ಕೂರುತ್ತವೆ. ಪಂಪ್ ನಿಲ್ಲಿಸಿದರೆ ಒಳಸರಿಯುತ್ತವೆ. ಆಯ್ಕೆಯ ತೊಡಕೂ ಬಿಡುಗಡೆಯ ತೊಡಕೂ ಒಂದೇ ಏಟಿಗೆ ಸಡಿಲವಾದವು. ಯಾವ ಸ್ಲೀವ್ ಬೇಕೋ ಅದರ ಎದುರು ನಿಂತು ಪಂಪ್ ಮಾಡಿದರಾಯಿತು. ನನ್ನ ದೃಷ್ಟಿಯಲ್ಲಿ ಯಾಂತ್ರಿಕ ಹಿಡಿತದ ಚರಿತ್ರೆಯಲ್ಲಿ ಇದು ಅತಿ ದೊಡ್ಡ ಹೆಜ್ಜೆ. ಹಿಡಿಯುವ ಮತ್ತು ಬಿಡುವ ನಿರ್ಧಾರ ಲೋಹದ ಓರೆಮೈಯಿಂದ ಮೇಲೆ ನಿಂತ ಮನುಷ್ಯನ ಕೈಗೆ ಬಂದದ್ದು ಇಲ್ಲಿಯೇ.

ಇದರ ಮಿತಿ ಕಾಯಿಲ್ಡ್ ಟ್ಯೂಬಿಂಗ್‌ನ ಮೈಯಲ್ಲೇ ಇದೆ. ತೆಳ್ಳನೆಯ ಕೊಳವೆಯನ್ನು ಉದ್ದನೆಯ ಅಡ್ಡಬಾವಿಯಲ್ಲಿ ತಳ್ಳುತ್ತಾ ಹೋದರೆ ಅದು ಮೊದಲು ಹಾವಿನಂತೆ ಬಳುಕುತ್ತದೆ, ಆಮೇಲೆ ಸುರುಳಿಯಾಗಿ ಬಾವಿಯ ಗೋಡೆಗೆ ಒತ್ತಿಕೊಳ್ಳುತ್ತದೆ. ಒಂದು ಹಂತದಲ್ಲಿ ಮೇಲಿನಿಂದ ಎಷ್ಟು ತಳ್ಳಿದರೂ ತುದಿಗೆ ಏನೂ ತಲುಪದು. ಡ್ಯಾನ್‌ನ ನೆರೆಯ ಹಾಫ್‌ಡಾನ್ ಕ್ಷೇತ್ರದ ಉದ್ದನೆಯ ಬಾವಿಗಳಲ್ಲಿ ಈ ಮಿತಿ ಎದುರಾದಾಗ ಮೇರ್ಸ್ಕ್ ಬಾವಿಯ ದೂರದ ಭಾಗದಲ್ಲಿ ಸ್ಲೀವ್‌ಗಳನ್ನೇ ಬಿಟ್ಟು, ಲೆಕ್ಕ ಹಾಕಿ ತೂತು ಕೊರೆದ ಲೈನರ್ ಎಂಬ ಒಳಕೊಳವೆ ಇಳಿಸಿ ಅದರ ಮೂಲಕವೇ ಆಮ್ಲ ಹಾಯಿಸುವ ಪದ್ಧತಿಗೆ ಹೋಯಿತು. ಉಪಕರಣ ತಲುಪದಲ್ಲಿ ಸ್ಲೀವ್ ಇಟ್ಟು ಫಲವಿಲ್ಲ ಎಂಬ ಪಾಠ ಅದು.

ಯಾವ ದಿಕ್ಕಿಗೆ ತೆರೆಯಬೇಕೆಂಬ ಹಳೆಯ ಪ್ರಶ್ನೆಯೂ ಅಡ್ಡಬಾವಿಯಲ್ಲಿ ಹೊಸ ತೂಕ ಪಡೆಯಿತು. ಕೊಳವೆಗೆ ತಳ್ಳುವುದಕ್ಕಿಂತ ಎಳೆಯುವ ಶಕ್ತಿ ಹೆಚ್ಚು. ಹಾಗಾಗಿ ಕಷ್ಟದ ಕೆಲಸ ಎಳೆತದಿಂದಲೇ ಆಗಲಿ ಎನ್ನುತ್ತಾರೆ ಒಂದು ಕಡೆಯವರು. ಬಾವಿಗಿಳಿದ ಪ್ರತಿಯೊಂದು ಉಪಕರಣವೂ ಕೊನೆಗೆ ಮೇಲೆ ಬರಲೇಬೇಕು, ಅವುಗಳ ಯಾವುದೋ ಅಂಚು ತಾಗಿ ಸ್ಲೀವ್ ಅರಿವಿಲ್ಲದೆ ತೆರೆದೀತು; ಆದ್ದರಿಂದ ಮೇಲ್ಮುಖ ಚಲನೆ ಮುಚ್ಚುವುದಕ್ಕೆ ಮೀಸಲಾಗಲಿ ಎನ್ನುತ್ತಾರೆ ಇನ್ನೊಂದು ಕಡೆಯವರು. ನೀರು ಬರುವ ಪದರಕ್ಕೆ ಎರಡನೆಯ ವಾದ ಹೆಚ್ಚು ಒಪ್ಪುತ್ತದೆ. ಹೂಳಿನಿಂದ ಅಂಟುವ ಬಾವಿಗೆ ಮೊದಲನೆಯದು.

ಮೂರನೆಯ ಪಂಥ: ಅಳೆಯುತ್ತಾ ಸರಿಸುವುದು

1990ರ ದಶಕದಲ್ಲಿ ವಿದ್ಯುತ್ ಕೇಬಲ್ ಮೇಲೆ ಚಲಿಸುವ ಟ್ರ್ಯಾಕ್ಟರ್‌ಗಳು ಬಂದವು. ಡೆನ್ಮಾರ್ಕಿನ ವೆಲ್‌ಟೆಕ್ ಇದರಲ್ಲಿ ಮುಂದಾಳು. ಬಾವಿಯ ಗೋಡೆಗೆ ಗಾಲಿ ಒತ್ತಿ ಓಡುವ ಈ ಯಂತ್ರ ಅಡ್ಡಬಾವಿಯ ಕೊನೆಯವರೆಗೂ ಉಪಕರಣವನ್ನು ಒಯ್ಯಬಲ್ಲದು. ಅದರ ಜೊತೆಗೆ ಸ್ಟ್ರೋಕರ್ ಎಂಬ ಹೈಡ್ರಾಲಿಕ್ ಘಟಕ ಸೇರಿತು. ಅದು ಕೊಳವೆಯ ಗೋಡೆಗೆ ತಾನೇ ಕಾಲೂರಿ, ಹತ್ತಾರು ಸಾವಿರ ಪೌಂಡ್ ಬಲವನ್ನು ಸ್ಲೀವ್ ಇರುವ ಜಾಗದಲ್ಲೇ ಹುಟ್ಟಿಸುತ್ತದೆ. ಸಾವಿರಾರು ಮೀಟರ್ ತಂತಿಯ ಹಿಗ್ಗುವಿಕೆ, ಘರ್ಷಣೆ ಯಾವುದೂ ನಡುವೆ ಬರುವುದಿಲ್ಲ.

ಸ್ಲಂಬರ್ಜೆಯ ರಿಸಾಲ್ವ್‌ನಂಥ ಅಳತೆಗಾರ ಉಪಕರಣಗಳಲ್ಲಿ ಕೀ ಎಷ್ಟು ಚಾಚಿತು, ಎಷ್ಟು ಬಲ ಬಿತ್ತು, ಸ್ಲೀವ್ ಎಷ್ಟು ದೂರ ಸರಿಯಿತು ಎಂಬುದು ಆ ಕ್ಷಣವೇ ಮೇಲಿನ ಪರದೆಗೆ ಬರುತ್ತದೆ. ಮೊದಲು ಬಲ ಏರಿ, ಅಂಟು ಬಿಟ್ಟಾಗ ಥಟ್ಟನೆ ಇಳಿದು, ಪಯಣದ ಕೊನೆಯಲ್ಲಿ ಮತ್ತೆ ಏರುವ ರೇಖೆಯನ್ನು ನೋಡಿದವರಿಗೆ ಸ್ಲೀವ್ ಪೂರ್ತಿ ಸರಿಯಿತೆಂದು ಊಹಿಸಬೇಕಾಗಿಲ್ಲ. ಶಿಯರ್ ಪಿನ್ ಬಿಟ್ಟುಹೋದ ಸಂದೇಹಕ್ಕೆ ಈ ಪಂಥ ನೇರವಾದ ಉತ್ತರ ಕೊಟ್ಟಿದೆ.

ಬೆಲೆ, ಜಟಿಲತೆ, ಬಿಸಿ ಬಾವಿಗಳಲ್ಲಿ ಎಲೆಕ್ಟ್ರಾನಿಕ್ಸ್ ತಾಳಿಕೆ ಇವು ಇದರ ವಿರುದ್ಧದ ಮಾತುಗಳು. ಏಟಿನ ಪಂಥದವರು ಇನ್ನೊಂದನ್ನೂ ಹೇಳುತ್ತಾರೆ: ಗಟ್ಟಿಯಾಗಿ ಕಟ್ಟಿದ ಗಸಿಗೆ ನಿಧಾನದ ಬಲ ಕೊಟ್ಟರೆ ಸ್ಲೀವ್‌ಗಿಂತ ಮೊದಲು ಕಚ್ಚೇ ಕಿತ್ತುಹೋದೀತು. ಕಚ್ಚು ಹಾಳಾದ ಸ್ಲೀವ್‌ಗೆ ಮುಂದೆ ಯಾವ ಉಪಕರಣವೂ ಉಪಯೋಗಕ್ಕೆ ಬಾರದು.

ನಾಲ್ಕನೆಯ ಪಂಥ: ಉಪಕರಣವೇ ಬೇಡ

ಬಾವಿಯೊಳಗೆ ಇಳಿಯುವುದೇ ಅಪಾಯ ಮತ್ತು ಖರ್ಚು ಎಂದಮೇಲೆ ಇಳಿಯದೆಯೇ ಸ್ಲೀವ್ ಸರಿಸಬಾರದೇಕೆ ಎಂಬುದು ಈ ಪಂಥದ ಪ್ರಶ್ನೆ. ಇದಕ್ಕೆ ಮೂರು ಶಾಖೆಗಳಿವೆ.

ಮೊದಲನೆಯದು ಚೆಂಡು. ಈ ಶತಮಾನದ ಮೊದಲ ವರ್ಷಗಳಲ್ಲಿ ಕೆನಡಾದ ಪ್ಯಾಕರ್ಸ್ ಪ್ಲಸ್‌ನಂಥ ಕಂಪನಿಗಳು ಬೆಳೆಸಿದ ಪದ್ಧತಿಯಲ್ಲಿ ಸಣ್ಣದರಿಂದ ದೊಡ್ಡದಕ್ಕೆ ಒಂದೊಂದೇ ಚೆಂಡು ಬಿಡುತ್ತಾರೆ. ಪ್ರತಿಯೊಂದೂ ತನ್ನ ಅಳತೆಯ ಪೀಠದಲ್ಲಿ ಕೂತು, ಹಿಂದಿನ ಒತ್ತಡದಿಂದ ಸ್ಲೀವನ್ನು ತಳ್ಳಿ ತೆರೆದು, ಬಂಡೆ ಸೀಳುವ ದ್ರವವನ್ನು ಹೊರಬಿಡುತ್ತದೆ. ಕೆಲಸ ಎಡೆಬಿಡದೆ ಸಾಗುತ್ತದೆ. ಆದರೆ ಪೀಠಗಳ ಅಳತೆ ಏರಿಕೆಗೆ ಮಿತಿಯಿದೆ, ಪೀಠಗಳು ಹರಿವಿಗೆ ಅಡ್ಡಿ, ತೆರೆದದ್ದನ್ನು ಚೆಂಡು ಮುಚ್ಚಲಾರದು. ಪಶ್ಚಿಮ ಕೆನಡಾದಲ್ಲಿ ಎನ್‌ಸಿಎಸ್ ಮಲ್ಟಿಸ್ಟೇಜ್ ಮತ್ತೆ ಕಾಯಿಲ್ಡ್ ಟ್ಯೂಬಿಂಗ್‌ಗೇ ಮರಳಿತು. ಅಲ್ಲಿ ಕೀ ಬದಲು ಪ್ಯಾಕರ್ ಸ್ಲೀವ್‌ನ ಒಳಗೇ ಊದಿ ಹಿಡಿಯುತ್ತದೆ, ಒತ್ತಡ ಸ್ಲೀವನ್ನು ಸರಿಸುತ್ತದೆ. ಅಮೆರಿಕದ ಶೇಲ್ ಕ್ಷೇತ್ರಗಳಲ್ಲಂತೂ ಸ್ಲೀವ್ ಇಲ್ಲದೆ ಪ್ಲಗ್ ಕೂರಿಸಿ ತೂತು ಕೊರೆಯುವ ಪದ್ಧತಿಯೇ ಮೇಲುಗೈ ಪಡೆದಿದೆ.

ಎರಡನೆಯದು ಬುದ್ಧಿವಂತ ಬಾವಿ. 1997ರಲ್ಲಿ ನಾರ್ವೆಯ ಸಾಗಾ ಪೆಟ್ರೋಲಿಯಂ ಸ್ನೋರೆ ಕ್ಷೇತ್ರದಲ್ಲಿ ಮೇಲಿನಿಂದಲೇ ನಿಯಂತ್ರಿಸುವ ಕವಾಟಗಳ ಬಾವಿಯನ್ನು ಸಜ್ಜುಗೊಳಿಸಿತು. 2006ರಲ್ಲಿ ಉತ್ಪಾದನೆ ತೊಡಗಿದ ಸೌದಿ ಅರಾಮ್ಕೊದ ಹರದ್-3 ಯೋಜನೆ ಇಂಥ ಕವಾಟಗಳನ್ನು ಕವಲುಬಾವಿಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿತು. ಪ್ರತಿ ಕವಾಟಕ್ಕೂ ಹೈಡ್ರಾಲಿಕ್ ನಾಳವೋ ವಿದ್ಯುತ್ ಕೇಬಲೋ ಬೇಕು. ಪ್ಯಾಕರ್‌ಗಳ ಮೂಲಕ ಹಾಯುವ ಪ್ರತಿ ನಾಳವೂ ಸೋರಬಹುದಾದ ಒಂದು ಜಾಗ.

ಮೂರನೆಯದು ಆರ್‌ಎಫ್‌ಐಡಿ. ಗುರುತುಚೀಟಿಯಂಥ ಪುಟ್ಟ ಟ್ಯಾಗ್ ಅನ್ನು ದ್ರವದಲ್ಲಿ ಹರಿಯಬಿಟ್ಟು, ಸ್ಲೀವ್‌ನ ಒಳಗಿನ ಗ್ರಾಹಕ ಅದನ್ನು ಓದಿ ತಾನೇ ಸರಿಯುವ ವ್ಯವಸ್ಥೆ. ವೆದರ್‌ಫೋರ್ಡ್ ಇದನ್ನು ಬಳಕೆಗೆ ತಂದಿದೆ. ಬ್ಯಾಟರಿಯ ಆಯುಸ್ಸೇ ಇದರ ಆಯುಸ್ಸು.

ಈ ಪಂಥದ ಸಾಧನೆ ದೊಡ್ಡದು. ಆದರೂ ಗಮನಿಸಬೇಕಾದ ಒಂದು ಸಂಗತಿಯಿದೆ. ಮೇಲಿನಿಂದ ನಿಯಂತ್ರಿಸುವ ಅನೇಕ ಕವಾಟಗಳ ಒಳಮೈಯಲ್ಲೂ ಶಿಫ್ಟಿಂಗ್ ಟೂಲ್‌ಗೆಂದು ಕಚ್ಚು ಕೊರೆದಿಟ್ಟಿರುತ್ತಾರೆ. ಒತ್ತಡದ ಸಂಕೇತದಿಂದ ತೆರೆಯುವ ತಡೆಕವಾಟಗಳಿಗೂ ಯಾಂತ್ರಿಕ ಬದಲಿ ದಾರಿ ಇಡುತ್ತಾರೆ. ನಾಳ ಸೋರಿದಾಗ, ಸಂಕೇತ ಕೇಳಿಸದಾಗ, ಕೊನೆಗೆ ಇಳಿಯುವುದು ಅದೇ ಹಳೆಯ ಉಪಕರಣ. ಉಪಕರಣ ಬೇಡವೆಂದವರೇ ಅದಕ್ಕೆ ಜಾಗ ಬಿಟ್ಟಿರುವುದು ಈ ಇಡೀ ಚರ್ಚೆಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಸಾಕ್ಷ್ಯ.

ಎಲ್ಲ ಪಂಥಗಳಿಗೂ ಸಮಾನ ವೈರಿ

ಸ್ಲೀವ್ ಸರಿಯದಿರಲು ಉಪಕರಣಕ್ಕಿಂತ ಹೆಚ್ಚಾಗಿ ಬಾವಿಯೇ ಕಾರಣ. ಉಪ್ಪುನೀರಿನಿಂದ ಇಳಿಯುವ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಬೇರಿಯಂ ಸಲ್ಫೇಟ್‌ಗಳ ಗಸಿ ಸೀಲ್‌ಗಳ ನಡುವೆ ಕಲ್ಲಾಗುತ್ತದೆ. ಕಾರ್ಬೊನೇಟ್ ಆಮ್ಲಕ್ಕೆ ಕರಗುತ್ತದೆ, ಬೇರಿಯಂ ಸಲ್ಫೇಟ್ ಕರಗದು. ಮರಳು ಕಚ್ಚನ್ನು ತುಂಬಿ ಕೀ ಕೂರದಂತೆ ಮಾಡುತ್ತದೆ. ಆಸ್ಫಾಲ್ಟೀನ್ ಮತ್ತು ಮೇಣ ಅಂಟಾಗುತ್ತವೆ. ರಾಜಸ್ಥಾನದ ಬಾಡಮೇರ್‌ನಲ್ಲಿ 2004ರಲ್ಲಿ ಪತ್ತೆಯಾಗಿ 2009ರಿಂದ ತೈಲ ಕೊಡುತ್ತಿರುವ ಮಂಗಳಾ ಕ್ಷೇತ್ರದ ಕಚ್ಚಾತೈಲದಲ್ಲಿ ಮೇಣ ಎಷ್ಟೆಂದರೆ, ಅದನ್ನು ಬಿಸಿಮಾಡಿದ ಪೈಪ್‌ಲೈನಿನಲ್ಲೇ ಸಾಗಿಸಬೇಕು. ಇಂಥ ತೈಲ ತಣ್ಣಗಾಗುವಲ್ಲೆಲ್ಲ ಚಲಿಸುವ ಪ್ರತಿ ಲೋಹಭಾಗಕ್ಕೂ ಮೇಣ ಬೆದರಿಕೆಯೇ.

ಆದ್ದರಿಂದ ಸ್ಲೀವನ್ನು ಕಾಲಕಾಲಕ್ಕೆ ಸುಮ್ಮನೆ ಆಡಿಸುತ್ತಿರಬೇಕು, ಇಲ್ಲದಿದ್ದರೆ ಅಂಟುತ್ತದೆ ಎನ್ನುವವರಿದ್ದಾರೆ. ಪ್ರತಿ ಚಲನೆಯೂ ಸೀಲನ್ನು ಸವೆಸುತ್ತದೆ, ಬೇಕಾದಾಗ ಮಾತ್ರ ಮುಟ್ಟಿ ಎನ್ನುವವರೂ ಇದ್ದಾರೆ. ಗಸಿ ಕಟ್ಟುವ ಬಾವಿಯಲ್ಲಿ ಮೊದಲ ಮಾತು ಸರಿ, ಸ್ವಚ್ಛ ಅನಿಲಬಾವಿಯಲ್ಲಿ ಎರಡನೆಯದು. ಎಲ್ಲ ಬಾವಿಗೂ ಒಂದೇ ನಿಯಮ ಬರೆಯುವುದು ಕಚೇರಿಗೆ ಅನುಕೂಲ, ಬಾವಿಗೆ ಅಲ್ಲ.

ಇನ್ನೂ ಇತ್ಯರ್ಥವಾಗದ್ದು

ಇಷ್ಟು ವರ್ಷಗಳ ಅನುಭವದ ನಂತರವೂ ಮೂರು ಪ್ರಶ್ನೆಗಳು ಉಳಿದಿವೆ.

ಮೊದಲನೆಯದು ಖಾತ್ರಿಯ ಪ್ರಶ್ನೆ. ಸ್ಲೀವ್ ಸರಿದದ್ದಕ್ಕೆ ಯಾವ ಪುರಾವೆಯನ್ನು ಸಾಕೆಂದು ಒಪ್ಪಬೇಕು? ಮಾಪಕದ ಮುಳ್ಳು, ಪಿನ್, ಒತ್ತಡದ ಬದಲಾವಣೆ, ಪರದೆಯ ರೇಖೆ ಇವುಗಳಲ್ಲಿ ಯಾವುದೂ ಒಂಟಿಯಾಗಿ ನೂರಕ್ಕೆ ನೂರು ಅಲ್ಲ. ಅಳತೆಯ ಉಪಕರಣ ಚಲನೆಯನ್ನು ತೋರಿಸುತ್ತದೆ, ಸೀಲ್ ಹಿಡಿಯಿತೆಂಬುದನ್ನು ತೋರಿಸದು. ಒತ್ತಡದ ಪರೀಕ್ಷೆ ಸೀಲನ್ನು ತೋರಿಸುತ್ತದೆ, ಹಲವು ಸ್ಲೀವ್‌ಗಳಲ್ಲಿ ಸೋರುವುದು ಯಾವುದೆಂದು ತೋರಿಸದು.

ಎರಡನೆಯದು ಕಚ್ಚಿನ ಏಕರೂಪತೆ. ಪ್ರತಿ ಕಂಪನಿಯ ಕಚ್ಚೂ ಬೇರೆ. ಹಳೆಯ ಪೇಟೆಂಟ್‌ಗಳು ಮುಗಿದ ಮೇಲೆ ಕೆಲವು ಮಾದರಿಗಳು ಎಲ್ಲರ ಸ್ವತ್ತಾದವು, ಹೊಸವು ಆಗಿಲ್ಲ. ಬಾವಿಯ ಆಯುಸ್ಸು ಮೂವತ್ತು ವರ್ಷ. ಅಷ್ಟರಲ್ಲಿ ಕಂಪನಿಗಳು ಒಂದನ್ನೊಂದು ನುಂಗುತ್ತವೆ, ನಕ್ಷೆಗಳು ಕಳೆಯುತ್ತವೆ. ಏಕರೂಪದ ಕಚ್ಚು ಬಂದರೆ ಹೊಸ ಶೋಧಕ್ಕೆ ಕಡಿವಾಣ ಬೀಳುತ್ತದೆಂಬ ಆತಂಕಕ್ಕೂ ಅರ್ಥವಿದೆ.

ಮೂರನೆಯದು ಹಳೆಯ ಬಾವಿಗಳನ್ನು ಮುಚ್ಚುವ ಕಾಲದ್ದು. ದಶಕಗಳಿಂದ ಮುಟ್ಟದ ಸ್ಲೀವ್‌ಗಳನ್ನು ಆಗ ಮುಚ್ಚಬೇಕು, ಅಥವಾ ಸಿಮೆಂಟ್ ಹಾಯಿಸಲು ತೆರೆಯಬೇಕು. ಆ ವಯಸ್ಸಿನ ಸ್ಲೀವ್‌ಗೆ ಏಟು ಹಿತವೋ, ಅಳೆದ ಬಲ ಹಿತವೋ ಎಂಬುದಕ್ಕೆ ಪ್ರಯೋಗಾಲಯದಿಂದ ಉತ್ತರ ಸಿಗದು, ಬಾವಿಗಳಿಂದಲೇ ಸಿಗಬೇಕು. ಅದಕ್ಕಾಗಿ ಗೆದ್ದ ಕೆಲಸಗಳ ವರದಿಗಳಷ್ಟೇ ಸೋತ ಕೆಲಸಗಳ ವರದಿಗಳೂ ಹೊರಬರಬೇಕು.

ಕರ್ನಾಟಕದ ನೆಲದಲ್ಲಿ ವಾಣಿಜ್ಯ ತೈಲಬಾವಿಗಳಿಲ್ಲ. ಆದರೆ ಕನ್ನಡ ನಾಡಿನಿಂದ ಹೋಗಿ ಕೊಲ್ಲಿ ದೇಶಗಳಲ್ಲಿ, ಮುಂಬೈ ಕಡಲಲ್ಲಿ ಈ ಕೆಲಸ ಮಾಡುತ್ತಿರುವ ಎಂಜಿನಿಯರುಗಳಿದ್ದಾರೆ, ಮಾಡಲಿರುವ ವಿದ್ಯಾರ್ಥಿಗಳಿದ್ದಾರೆ. ಅವರಿಗೆ ಈ ಸಮೀಕ್ಷೆಯಿಂದ ಒಂದು ಮಾತು ಹೇಳುವೆ. ಯಾವ ಪಂಥ ಹಿಡಿದರೂ ಸರಿ, ಸ್ಲೀವ್ ಬಾವಿಗಿಳಿಯುವ ಮೊದಲೇ ಅದನ್ನು ಸರಿಸುವ ಉಪಕರಣ ಯಾವುದು, ಅದು ಅಲ್ಲಿಗೆ ತಲುಪುವುದು ಹೇಗೆ, ಬಿಡುವುದು ಹೇಗೆ, ಬಿಟ್ಟಿತೆಂದು ತಿಳಿಯುವುದು ಹೇಗೆ ಎಂದು ಬರೆದಿಡಿ. ಈ ನಾಲ್ಕಕ್ಕೂ ಉತ್ತರವಿಲ್ಲದ ಸ್ಲೀವನ್ನು ಇಳಿಸಬೇಡಿ.